ತೂಬಿನ ಅಜ್ಜಿಗೆ ಹದಿನೆಂಟು

ಅಟ್ಟೂರು ಲೇಔಟಿನ ಸುಮೈರಾಳನ್ನು ಬಲ್ಲವರು ಮೊದಲು ಹೇಳುವುದು ಅವಳ ಚೀಲದ ವಿಷಯ. ನಾಲ್ಕು ವರ್ಷದ ಮಗಳು ಅಫ್ರೀನಳನ್ನು ಬೀದಿ ತಿರುವಿನ ಅಂಗಡಿಗೆ ಕರೆದುಕೊಂಡು ಹೋಗುವುದಿದ್ದರೂ ಆ ಚೀಲದಲ್ಲಿ ಜ್ವರ ನೋಡುವ ಥರ್ಮಾಮೀಟರು, ಎರಡು ಜೊತೆ ಬಟ್ಟೆ, ಓಆರ್‌ಎಸ್ ಪೊಟ್ಟಣ, ಛತ್ರಿ ಎಲ್ಲ ಇರಲೇಬೇಕು. ಛತ್ರಿಗೆ ಮಳೆಗಾಲವೇ ಆಗಬೇಕೆಂದಿಲ್ಲ. "ಆದ್ರೆ ಬಂದ್ಬಿಟ್ರೆ?" ಎನ್ನುತ್ತಾಳೆ. ಮಗು ಕೆಮ್ಮಿದರೆ "ಆದ್ರೆ ಜಾಸ್ತಿಯಾದ್ರೆ?" ಕೆಮ್ಮದಿದ್ದರೆ "ನಿನ್ನೆ ಕೆಮ್ಮಿದ್ಲಲ್ಲ, ಇವತ್ಯಾಕೆ ಕೆಮ್ಮಲಿಲ್ಲ?" ಗಂಡ ಫೈಜಾನ್ ಅವಳಿಗೆ ಇಟ್ಟಿರುವ ಹೆಸರು 'ಆದ್ರೆ ಬೇಗಂ'.

ಅದೇ ಚೀಲದ ಒಳಜೇಬಿನಲ್ಲಿ ಇನ್ನೊಂದು ವಸ್ತು ಇರುತ್ತದೆ: ಇಪ್ಪತ್ತು ಮುಖದ ಒಂದು ದಾಳ. ಅಚ್ಚ ಹಸಿರು, ಹುಣಸೆಬೀಜಕ್ಕಿಂತ ಸ್ವಲ್ಪ ದಪ್ಪ. ಇದನ್ನು ಮಾತ್ರ ಅವಳು 'ಆದ್ರೆ' ಎಂದು ಇಟ್ಟುಕೊಂಡಿದ್ದಲ್ಲ.

ಕಾಲೇಜಿನಲ್ಲಿದ್ದಾಗ ತಮ್ಮ ಜೀಷಾನ್ ಈ ಆಟವನ್ನು ಮನೆಗೆ ತಂದಿದ್ದ. ಮೇಜಿನ ಸುತ್ತ ಕೂತು, ಬಾಯಲ್ಲೇ ಕಥೆ ಕಟ್ಟುವ ಆಟ. ಆಡುವವರು ಒಬ್ಬೊಬ್ಬರೂ ಒಬ್ಬೊಬ್ಬ ವೀರ. ವೀರನಿಗೆ ಒಂದು ಹಾಳೆ, ಹಾಳೆಯಲ್ಲಿ ಆರು ಅಂಕಿ: ಬಲ ಎಷ್ಟು, ಚುರುಕು ಎಷ್ಟು, ಬುದ್ಧಿ ಎಷ್ಟು, ಹೀಗೆ. ಗೋಡೆ ಹತ್ತುತ್ತೇನೆ ಎಂದರೆ ದಾಳ ಉರುಳಿಸಬೇಕು. ಬಿದ್ದದ್ದು ನಿಮ್ಮ ಅಂಕಿಯಷ್ಟೋ ಅದಕ್ಕಿಂತ ಕಡಿಮೆಯೋ ಇದ್ದರೆ ಹತ್ತಿದಿರಿ, ಹೆಚ್ಚಾದರೆ ಜಾರಿದಿರಿ. ಇನ್ನು ಕಥೆಯಲ್ಲಿ ಎದುರಾಗುವ ಉಳಿದವರೆಲ್ಲರೂ, ಅಂದರೆ ಕಾವಲುಗಾರ, ಹೂವಿನವಳು, ರಾಕ್ಷಸ, ರಾಕ್ಷಸನ ಅಡುಗೆಯವನು, ಎಲ್ಲರೂ ಆಟ ನಡೆಸುವವರ ಬಾಯಲ್ಲೇ ಬರಬೇಕು. ಸುಮೈರಾ ನಡೆಸುವವಳು. ಆ ಉಳಿದವರಿಗೆ ಅವಳು ಇಟ್ಟ ಹೆಸರು 'ಊರವರು'.

ಒಬ್ಬಳೇ ಹೆಂಗಸು ಗಳಿಗೆಯಲ್ಲಿ ಮುದುಕನಾಗಿ, ಗಳಿಗೆಯಲ್ಲಿ ಮೊಸಳೆಯಾಗಿ ಮಾತಾಡುವುದನ್ನು ನೋಡಬೇಕು! ಈಗ ಮಗು ಕೆಮ್ಮಿದರೂ ಬೆಚ್ಚುವವಳು ಆಗ ಅಲ್ಲಿ ಮೊಸಳೆಯ ಹಲ್ಲನ್ನು ಎಣಿಸಿ ತೋರಿಸುತ್ತಿದ್ದಳು. ಮದುವೆ, ಬಸಿರು, ಬಾಣಂತನ ಎಂದು ಐದು ವರ್ಷ ದಾಳ ಒಳಜೇಬಿನಲ್ಲೇ ಉಳಿಯಿತು. ಈ ವರ್ಷ ಯಲಹಂಕ ನ್ಯೂ ಟೌನಿನಲ್ಲಿ, ಬೇಕರಿಯೊಂದರ ಮಹಡಿಯ ಮೇಲೆ, ಸಿದ್ದು ಎಂಬ ಹುಡುಗ 'ಪಗಡೆ ಮನೆ' ಎಂದು ಆಟದ ಕೆಫೆ ತೆರೆದ. ಜೀಷಾನ್ ಅಕ್ಕನ ಹೆಸರು ಹೇಳಿ ಬಂದ. ಪ್ರತಿ ಭಾನುವಾರ ಮಧ್ಯಾಹ್ನ ಕಿಟಕಿ ಪಕ್ಕದ ಮೇಜು ಅವಳಿಗೆ ಕೊಡಬಹುದೋ ಇಲ್ಲವೋ ಎಂದು ಮೊದಲು ಒಂದು ಆಟ ನಡೆಸಿ ನೋಡುವುದು ಎಂದಾಯಿತು.

ಮೊದಲ ಭಾನುವಾರ ಮಣ್ಣುಮುಕ್ಕಿತು.

ಆದದ್ದೇನೆಂದರೆ, 'ಆದ್ರೆ ಬೇಗಂ' ಊರವರಿಗೆಲ್ಲ ಪೂರ್ತಿ ಹಾಳೆ ಬರೆದಿದ್ದಳು. ನಲವತ್ತೆರಡು ಜನ, ತಲೆಗೆ ಆರಾರು ಅಂಕಿ. ಆದ್ರೆ ಯಾರಾದ್ರೂ ಕೇಳಿಬಿಟ್ರೆ? ಮಗಳು ಮಧ್ಯಾಹ್ನ ಮಲಗಿದಾಗಲೆಲ್ಲ ಬರೆದೂ ಬರೆದೂ ಇನ್ನೂರು ಪುಟದ ನೋಟ್‌ಬುಕ್ ತುಂಬಿತ್ತು. ಆಟದಲ್ಲಿ ನರೇಂದ್ರ ಎಂಬವನು, ಯಲಹಂಕ ಹಳೇ ಊರಿನಲ್ಲಿ ಬೈಕ್ ರಿಪೇರಿ ಅಂಗಡಿ ಇಟ್ಟವನು, ಸುಮ್ಮನೆ ಕೇಳಿದ: "ಮೇಡಂ, ನಾನು ಈ ಹೂವಿನವಳನ್ನ ನಗಿಸಿ ಕೋಟೆ ಬಾಗಿಲ ಗುಟ್ಟು ಕೇಳ್ತೀನಿ. ಹೇಳ್ತಾಳಾ?"

ಹೂವಿನವಳು ಯಾವ ಪುಟದಲ್ಲಿದ್ದಾಳೆ? ಸುಮೈರಾ ಹುಡುಕಿದಳು. ಹಣ್ಣಿನವಳು ಸಿಕ್ಕಳು, ಬಳೆಯವಳು ಸಿಕ್ಕಳು. ಹನ್ನೊಂದು ನಿಮಿಷ. "ಟೀ ಕುಡ್ಕೊಂಡ್ ಬರ್ತೀವಿ" ಎಂದು ಕೆಳಗಿಳಿದ ಇಬ್ಬರು ಇವತ್ತಿಗೂ ಬಂದಿಲ್ಲ.

ಸಿದ್ದು ಒಳ್ಳೆಯವನು. "ಅಕ್ಕ, ಇನ್ನೊಂದೇ ಒಂದ್ಸಲ ನೋಡೋಣ. ನಾಲ್ಕು ಜನ ಕೂತು, ಕೊನೇವರೆಗೂ ಎದ್ದು ಹೋಗ್ದೆ ಆಡಿದ್ರೆ ಭಾನುವಾರದ ಮೇಜು ನಿಮ್ದು. ಇಲ್ಲಾಂದ್ರೆ ಕೇರಂನವ್ರು ಕೇಳ್ತಿದಾರೆ" ಎಂದ.

ಆ ವಾರವೆಲ್ಲ ಸುಮೈರಾ ಅನ್ನಕ್ಕೆ ಉಪ್ಪು ಎರಡು ಸಲ ಹಾಕಿದಳು. ಒಂದು ಮಧ್ಯಾಹ್ನ ನೋಟ್‌ಬುಕ್ ಮುಂದಿಟ್ಟುಕೊಂಡು ಹಣೆ ಒತ್ತಿಕೊಳ್ಳುತ್ತಿದ್ದಾಗ ಅತ್ತೆ ಅಕ್ಬರಿ ಅವರೆಕಾಯಿ ಬಿಡಿಸುತ್ತ ಪಕ್ಕದಲ್ಲಿ ಕೂತರು. "ಕೈಕು ಇತ್ತಾ ಲಿಖ್ತೀ?" ಯಾಕಮ್ಮ ಇಷ್ಟೊಂದು ಬರೀತೀಯ ಎಂದು. ಹೂವಿನವಳಿಗೆ ಏನೇನು ಬರುತ್ತೆ ಅಂತ ಬರೆಯುತ್ತಿದ್ದೇನೆ ಎಂದಳು ಸುಮೈರಾ.

"ಹೂವಿನವಳಿಗೆ ಮೊಳ ಹಾಕೋದು ಬರುತ್ತೆ, ಇನ್ನೇನು?" ಎಂದರು ಅತ್ತೆ ಮನೆಮಾತಾದ ದಖನಿಯಲ್ಲೇ. "ನಮ್ಮ ಬೀದಿಯವಳನ್ನ ನೋಡು. ಕಾರಿನಲ್ಲಿ ಬಂದವರಿಗೆ ಗಿಡ್ಡ ಮೊಳ, ಮಗು ಎತ್ಕೊಂಡು ಬಂದವರಿಗೆ ಉದ್ದ ಮೊಳ. ಅದಕ್ಕೇ ಅವಳು ನೆನಪಿರೋದು. ಅವಳ ಬುದ್ಧಿ ಎಷ್ಟು, ಬಲ ಎಷ್ಟು ಅಂತ ಯಾರು ತೂಗಿ ನೋಡಿದ್ರು?"

ಸುಮೈರಾ ಪೆನ್ನು ಕೆಳಗಿಟ್ಟಳು. ಬೀದಿಯವರೆಲ್ಲ ಒಬ್ಬೊಬ್ಬರಾಗಿ ಕಣ್ಣ ಮುಂದೆ ಬಂದರು. ಔಷಧಿ ಅಂಗಡಿಯ ಗುಲಾಮ್ ರಸೂಲ್ ಎಂದರೆ ಡಾಕ್ಟರ ಕೈಬರಹ ಓದಬಲ್ಲವನು. ಅಷ್ಟೇ, ಅದಷ್ಟು ಸಾಕು. ಆಟೋ ಮುದಸ್ಸಿರ್ ಎಂದರೆ ಹೆಬ್ಬಾಳದ ಜಾಮ್ ತಪ್ಪಿಸುವ ಗಲ್ಲಿ ಬಲ್ಲವನು. ಆಡುವವನಿಗೆ ತನ್ನ ವೀರನ ಆರೂ ಅಂಕಿ ಬೇಕು, ಅವನು ಆ ವೀರನೊಳಗೇ ಕೂತಿರುತ್ತಾನಲ್ಲ! ಊರವರನ್ನು ನಾವು ಕಾಣುವುದು ಹೊರಗಿನಿಂದ. ಹೊರಗಿನವರಿಗೆ ಕಾಣುವುದು ಅವರ ಒಂದು ಕೈಗುಣ.

ಅತ್ತೆ ಕೂಡಿಟ್ಟಿದ್ದ ಹಳೇ ಮದುವೆ ಕಾರ್ಡುಗಳನ್ನು ಅವಳು ಅವತ್ತೇ ಕತ್ತರಿಸಿದಳು. ಒಬ್ಬರಿಗೆ ಒಂದು ಚೀಟಿ. ಚೀಟಿಯ ಮೇಲೆ ಹೆಸರು, ಒಂದು ಕೈಗುಣ, ಒಂದು ಅಂಕಿ. ಹೂವಿನವಳು, ಮೊಳ, ಹದಿನಾರು. ಮುಗಿಯಿತು.

ಜೀಷಾನ್ ಒಪ್ಪಲಿಲ್ಲ. ಅವನಿಗೆ ನಿಯಮ ಎಂದರೆ ನಿಯಮ. "ಏನ್ ಆಪಾ ಇದು? ವೀರನಿಗೆ ಆರು, ಹೂವಿನವಳಿಗೆ ಒಂದಾ? ನಾಳೆ ಯಾರಾದ್ರೂ ಹೂವಿನವಳನ್ನ ಎತ್ತಿ ಬಾವಿಗೆ ಹಾಕ್ತೀನಿ ಅಂದ್ರೆ? ಅವಳ ಬಲ ಎಷ್ಟು? ಆಗ ನೀವು ಬಾಯಿಗೆ ಬಂದದ್ದು ಹೇಳ್ತೀರಿ. ಅದು ಮೋಸ."

"ಚೀಟಿಯಲ್ಲಿಲ್ಲದ್ದಕ್ಕೆಲ್ಲ ಹತ್ತು," ಎಂದಳು ಸುಮೈರಾ. "ಯಾರಿಗೇ ಆಗ್ಲಿ. ಅರ್ಧ ಆಗುತ್ತೆ, ಅರ್ಧ ಆಗಲ್ಲ. ಚೀಟಿಯಲ್ಲಿರೋದನ್ನ ಮಾತ್ರ ನಾನೂ ಬದಲಾಯಿಸೋ ಹಾಗಿಲ್ಲ."

"ಬರೆದಿದ್ದೇ ಕಾನೂನು?"

"ಬರೆದಿದ್ದೇ ಕಾನೂನು."

"ನೋಡ್ತೀನಿ," ಎಂದ ತಮ್ಮ, ಹಿಡಿಯಲು ಕಾದು ನಿಂತ ಪೊಲೀಸಿನವನ ಹಾಗೆ.

ಎರಡನೆಯ ಭಾನುವಾರ ಮೂರು ಗಂಟೆಗೆ ನರೇಂದ್ರ ಬಂದ, ಹೆಂಡತಿ ಸುಮಾಳನ್ನೂ ಕರೆತಂದ. ಜೀಷಾನ್ ಮೂರನೆಯವನು. ನಾಲ್ಕನೆಯವನಿಂದ ಸಿದ್ದುವಿಗೆ ಮೆಸೇಜು ಬಂತು: 'ಹೆಬ್ಬಾಳ ಫ್ಲೈಓವರ್ ಮೇಲಿದೀನಿ.' ಅರ್ಧ ಗಂಟೆ ಬಿಟ್ಟು ಇನ್ನೊಂದು ಮೆಸೇಜು: 'ಇನ್ನೂ ಅಲ್ಲೇ ಇದೀನಿ.' ಸಿದ್ದು ಗಡಿಯಾರ ನೋಡಿದ. ಮನೆಯಲ್ಲಿ ಮಗಳು ಊಟ ಮಾಡಿದಳೋ ಇಲ್ಲವೋ, ಫೈಜಾನ್ ಬಾಲ್ಕನಿ ಬಾಗಿಲು ಹಾಕಿದನೋ ಇಲ್ಲವೋ ಎಂಬ ಸುಮೈರಾಳ ಚಿಂತೆಗೆ ಈಗ ಇದೂ ಸೇರಿತು. ಮೂರೇ ಜನ.

ಆಗ ಕಣ್ಣಿಗೆ ಬಿದ್ದದ್ದು ಗೋಡೆ ಪಕ್ಕದ ಕುರ್ಚಿಯಲ್ಲಿ ರೇಷ್ಮೆ ಸೀರೆ ಉಟ್ಟು ಕೂತಿದ್ದ ಹೆಂಗಸು. ನರೇಂದ್ರನ ತಾಯಿ ಮುನಿಕೃಷ್ಣಮ್ಮ. ಅಟ್ಟೂರು ಇನ್ನೂ ಬರೀ ಊರಾಗಿದ್ದಾಗಿನಿಂದ ಅಲ್ಲೇ ಇದ್ದವರು. ಆರು ಗಂಟೆಗೆ ಬಾಗಲಗುಂಟೆಯಲ್ಲಿ ನೆಂಟರ ಮಗುವಿನ ನಾಮಕರಣ, ಅದಕ್ಕೆ ಮಗನ ಜೊತೆ ಹೊರಟು ಇಲ್ಲಿ ಕಾಯುತ್ತಿದ್ದರು.

"ಅಮ್ಮಾ, ನೀವೂ ಬನ್ನಿ, ಕೂತ್ಕೊಳ್ಳಿ," ಎಂದಳು ಸುಮೈರಾ.

"ಅಯ್ಯೋ ನಂಗೇನ್ ಬತ್ತೈತಮ್ಮ ಇದೆಲ್ಲ?" ಎನ್ನುತ್ತಲೇ ಬಂದು ಕೂತರು. ವೀರನ ಹಾಳೆ ಕೊಟ್ಟರೆ ಕನ್ನಡಕ ಏರಿಸಿ ನೋಡಿ ದೂರ ತಳ್ಳಿದರು. "ಇದೇನ್ ರೇಷನ್ ಕಾರ್ಡಿನ್ ಅರ್ಜಿ ಇದ್ದಂಗೈತೆ. ಬ್ಯಾಡ."

ನರೇಂದ್ರ, "ಅಮ್ಮ, ಸುಮ್ನೆ ಇಸ್ಕೊ" ಎಂದ.

"ನೀನ್ ಸುಮ್ಕಿರ್ಲಾ. ಆ ಸಣ್ಣದೈತಲ್ಲ, ಮದುವೆ ಕಾಗದ, ಅದ್ ಕೊಡಮ್ಮ."

ಸುಮೈರಾ ಯೋಚಿಸಿದಳು. ಊರವರನ್ನು ಆಡುವವರ ಕೈಗೆ ಕೊಟ್ಟರೇನು? ಒಂದೇ ಕೈಗುಣ, ಯಾರು ಬೇಕಾದರೂ ಆಡಬಹುದು. ಅವಸರದಲ್ಲಿ ಚೀಟಿಗಳಲ್ಲಿ ಒಂದನ್ನು ಎಳೆದು ಕೊಟ್ಟಳು: ತೂಬಿನ ಅಜ್ಜಿ.

ಕಥೆ ಇಷ್ಟು. ಹೆಸರಘಟ್ಟದಂಥ ದೊಡ್ಡ ಕೆರೆ, ಕೆಳಗೆ ಬಾಯಾರಿದ ಊರು. ನೀರು ಬಿಡುವ ತೂಬಿನ ಬೀಗದ ಕೈ ಒಬ್ಬ ಅಜ್ಜಿಯ ಸೊಂಟದಲ್ಲಿ. ಏರಿಯ ಮೇಲೆ ಬಂಡೆರಾಯ ಎಂಬ ಕಲ್ಲಿನ ರಾಕ್ಷಸ. ಅಜ್ಜಿ ಯಾರು ಏನು ಕೇಳಿದರೂ ಒಲ್ಲೆ ಎನ್ನುವವಳು. ಆದ್ದರಿಂದ ವೀರರು ಊರು ಸುತ್ತಿ, ಕಳ್ಳದಾರಿ ಹುಡುಕಿ, ಬಂಡೆರಾಯನನ್ನು ಬಡಿದು ನೀರು ಬಿಡಬೇಕು. ಇಡೀ ಮಧ್ಯಾಹ್ನದ ಆಟ ನಿಂತದ್ದು ಅಜ್ಜಿಯ ಆ ಒಲ್ಲೆಯ ಮೇಲೆ. ಚೀಟಿ ಬರೆಯುವಾಗ ಮಗಳು ನಿದ್ದೆಯಿಂದ ಎದ್ದು ಅಳತೊಡಗಿದ್ದಳು. ಅವಸರದಲ್ಲಿ ಸುಮೈರಾ ಮನೆಯಲ್ಲಿ ಆಡುವ ಮಾತನ್ನೇ ಕನ್ನಡ ಅಕ್ಷರದಲ್ಲಿ ಗೀಚಿ ಎದ್ದಿದ್ದಳು. ಬೇಡ ಎನ್ನುವುದಕ್ಕೆ ಮನೆಯ ಮಾತು: ನಕ್ಕೋ.

ಮುನಿಕೃಷ್ಣಮ್ಮ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ಗಟ್ಟಿಯಾಗಿ ಓದಿದರು. "ತೂಬಿನ ಅಜ್ಜಿ. ನಕ್ಕೋ. ಅದಿನೆಂಟು." ತಲೆಯೆತ್ತಿ, "ಓ! ನಗಾದು ತಾನೆ? ಅದ್ ನಂಗ್ ಬತ್ತದೆ ಬಿಡು," ಎಂದರು.

ಜೀಷಾನ್ ಅಕ್ಕನ ಮುಖ ನೋಡಿದ. ಅಕ್ಕ ತಮ್ಮನ ಮುಖ ನೋಡಿದಳು.

"ಆಪಾ," ಎಂದ ಅವನು ಮೆಲ್ಲಗೆ, "ಅದು ನಗೋದಲ್ಲ..."

ಹೇಳಿಬಿಡಲೇ? ಇಲ್ಲಮ್ಮ, ನೀವು ತಪ್ಪು ಓದಿದಿರಿ ಎಂದರೆ ಈ ಹೆಂಗಸು ಚೀಟಿ ಕೆಳಗಿಟ್ಟು ಗೋಡೆ ಪಕ್ಕದ ಕುರ್ಚಿಗೆ ಹೋಗುತ್ತಾರೆ. ಅಲ್ಲಿಗೆ ಮೂರೇ ಜನ, ಮೇಜು ಕೇರಂನವರಿಗೆ. ಹೇಳದಿದ್ದರೆ? ಅಜ್ಜಿ ಒಲ್ಲೆ ಅನ್ನದಿದ್ದರೆ ಕಥೆಯೇ ಇಲ್ಲ! ಆದ್ರೆ, ಆದ್ರೆ, ಆದ್ರೆ. ಸುಮೈರಾಳ ತಲೆಯೊಳಗೆ ಎಲ್ಲ ಆದ್ರೆಗಳೂ ಒಮ್ಮೆಗೇ ಎದ್ದು ನಿಂತವು.

"ಬರೆದಿದ್ದೇ ಕಾನೂನು," ಎಂದಳು ತಮ್ಮನಿಗೆ. "ಓದಿದವರು ಓದಿದ ಹಾಗೆ. ಆಡಿ ಅಮ್ಮಾ."

ವೀರರು ಅಜ್ಜಿಯ ಗುಡಿಸಲಿಗೆ ಹೋದರು. ಸುಮಾ ಕೈಮುಗಿದು, "ಅಜ್ಜಿ, ಊರಿಗೆ ನೀರಿಲ್ಲ, ಬೀಗದ ಕೈ ಕೊಡಿ" ಎಂದಳು. ಮುನಿಕೃಷ್ಣಮ್ಮ ಸೊಸೆಯನ್ನು ಮೇಲಿಂದ ಕೆಳಗೆ ನೋಡಿ ಹೊಟ್ಟೆ ಹಿಡಿದು ನಕ್ಕರು. "ಈಗ್ ಕೇಳ್ತಾವ್ಳೆ ನೋಡು ಅತ್ತೇನ, ಕೈ ಮುಗ್ದು!" ನರೇಂದ್ರ ಮೇಜಿನ ಮೇಲೆ ತಲೆ ಇಟ್ಟುಕೊಂಡು ನಕ್ಕ. ಸುಮಾಳೂ ನಕ್ಕಳು. ಬೀಗದ ಕೈ ಕೊಡುತ್ತೇನೆ ಎಂದೂ ಇಲ್ಲ, ಕೊಡಲ್ಲ ಎಂದೂ ಇಲ್ಲ, ಅಜ್ಜಿ ಸೀರೆ ಎತ್ತಿ ಕಟ್ಟಿ, "ನಡೀರಿ, ನಾನೂ ಬತ್ತೀನಿ" ಎಂದು ಅವರ ಜೊತೆ ಏರಿ ಹತ್ತಿಬಿಟ್ಟಳು.

ಸುಮೈರಾ ಬರೆದುಕೊಂಡ ಕಳ್ಳದಾರಿ ಅಲ್ಲಿಗೆ ಮುಗಿಯಿತು. ಮುಂದೆ ಏನೆಂದು ಅವಳಿಗೇ ಗೊತ್ತಿಲ್ಲ. ಆದರೆ ಅದಕ್ಕೆ ಹೆದರಿಕೆಯೇನೂ ಆಗಲಿಲ್ಲ. ಎದ್ದು ನಿಂತಳು. ಎರಡೂ ಕೈ ಮೇಲೆತ್ತಿ, ಹೊಟ್ಟೆಯಾಳದಿಂದ ದನಿ ತೆಗೆದು, "ಯಾ...ರ...ದು?" ಎಂದಳು. ಬಂಡೆರಾಯ ಎದ್ದಿದ್ದ. ಪಕ್ಕದ ಮೇಜಿನವರು ತಿರುಗಿ ನೋಡಿದರು. ಸಿದ್ದು ಕಾಫಿ ಯಂತ್ರ ಬಿಟ್ಟು ಬಂದ.

"ಇವನ ಹಾಳೆಯಲ್ಲಿ ಎಷ್ಟು ಪ್ರಾಣ?" ಜೀಷಾನ್ ಕೇಳಿದ. "ಇನ್ನೂರಾ?"

ಸುಮೈರಾ ಚೀಟಿ ತಿರುಗಿಸಿ ಎಲ್ಲರಿಗೂ ತೋರಿಸಿದಳು. ಬಂಡೆರಾಯ. ಹೆದರಿಸುವುದು. ಹದಿನೈದು.

"ಅಷ್ಟೇನಾ?"

"ಅಷ್ಟೇ. ಅವನಿಗೆ ಗೊತ್ತಿರೋದು ಅದೊಂದೇ."

ಜೀಷಾನ್ ಕುರ್ಚಿಯ ತುದಿಗೆ ಬಂದ. "ಹಾಗಾದ್ರೆ... ಹೆದರದೇ ಇರೋರ ಎದುರಿಗೆ ಅವನು ಬರೀ ಕಲ್ಲು!"

"ಅಮ್ಮಾ, ನಗು!" ನರೇಂದ್ರ ಕೂಗಿದ.

ಮುನಿಕೃಷ್ಣಮ್ಮ ಹಸಿರು ದಾಳವನ್ನು ಎರಡೂ ಅಂಗೈ ನಡುವೆ ಚೌಕಾಬಾರದ ಕವಡೆಯಂತೆ ಕುಲುಕಿ ಎಸೆದರು. ಹದಿನೆಂಟರೊಳಗೆ ಏನು ಬಿದ್ದರೂ ಸಾಕು. ದಾಳ ಉರುಳಿ, ಉರುಳಿ, ಕಾಫಿ ಲೋಟಕ್ಕೆ ತಾಗಿ ನಿಂತಿತು. ಹತ್ತೊಂಬತ್ತು.

"ಥೂ!" ಎಂದ ನರೇಂದ್ರ.

"ನಗು ಗಂಟಲಲ್ಲೇ ಸಿಕ್ಕಿಕೊಂಡಿತು," ಎಂದಳು ಸುಮೈರಾ. "ಈಗ ಬಂಡೆರಾಯನ ಸರದಿ. ಸಿದ್ದು, ನೀನು ಹಾಕು." ಸಿದ್ದು ಕೈ ಒರೆಸಿಕೊಂಡು ಎಸೆದ. ಹದಿನೈದರೊಳಗೆ ಬಿದ್ದರೆ ಎಲ್ಲರೂ ಓಡಬೇಕು. ಬಿದ್ದದ್ದು ಹದಿನಾರು. ಹುರ್ರಾ ಎಂದು ಮೇಜಿಗೆ ಮೇಜೇ ಎದ್ದು ನಿಂತಿತು. ಅಜ್ಜಿ ನಗಲಾರದೆ, ರಾಕ್ಷಸ ಹೆದರಿಸಲಾರದೆ, ಏರಿಯ ಮೇಲೆ ಎದುರುಬದುರು.

"ಈಗ ಏನ್ ಮಾಡ್ತೀರಿ ಅಮ್ಮಾ? ಗದೆ ಎತ್ತಿದಾನೆ."

ಮುನಿಕೃಷ್ಣಮ್ಮ ಸುಮೈರಾಳ ಎತ್ತಿದ ಕೈಗಳನ್ನೇ ನೋಡಿದರು. ಆಮೇಲೆ ಹಟ ಹಿಡಿದ ಮೊಮ್ಮಗನಿಗೆ ಹೇಳುವ ದನಿಯಲ್ಲಿ ಹೇಳಿದರು: "ಪಾಪ, ಎಷ್ಟ್ ದಿನ ಆಯ್ತೋ ನೀನು ನಕ್ಕು. ನಕ್ಕೋ ಮಗಾ. ನೀನೂ ನಕ್ಕೋ."

ಜೀಷಾನನ ಕೈಯಿಂದ ಪೆನ್ಸಿಲು ಬಿತ್ತು. ಎತ್ತಿದ ಗದೆಯ ಎದುರು ನಿಂತು ಒಬ್ಬ ಅಜ್ಜಿ ಅನ್ನುತ್ತಿದ್ದಾಳೆ: ನಕ್ಕೋ. ಒಂದು ಕಿವಿಗೆ ಅದು ನಗು ಎಂದು ಕೇಳುತ್ತದೆ. ಇನ್ನೊಂದು ಕಿವಿಗೆ, ಹೊಡೀಬೇಡ ಎಂದು.

"ಹಾಕಿ," ಎಂದಳು.

ದಾಳ ಈ ಸಲ ನಾಲ್ಕಕ್ಕೆ ನಿಂತಿತು.

ಬಂಡೆರಾಯ ನಕ್ಕ. ಸುಮೈರಾ ಹೇಗೆ ನಗಿಸಿದಳೆಂದರೆ ಮೊದಲು ಹೊಟ್ಟೆಯೊಳಗೆ ಸಣ್ಣ ಜಲ್ಲಿ ಉರುಳಿದ ಸದ್ದು, ಆಮೇಲೆ ಭುಜ ಕುಣಿಯಿತು, ಮೈಯಿಂದ ಕಲ್ಲುಗಳು ಪಟಪಟ ಉದುರಿದವು, ಒಂದು ದೊಡ್ಡ ಗುಂಡು ತೂಬಿನ ಮೇಲೇ ಬಿದ್ದು ಬೀಗ ನುಚ್ಚುನೂರು. ನೀರು! ಸುಮಾ ಚಪ್ಪಾಳೆ ತಟ್ಟಿದಳು. ನರೇಂದ್ರ ತಾಯಿಯ ತಲೆಗೆ ಕೈ ನಿವಾಳಿಸಿ ನೆಟಿಕೆ ಮುರಿದ. ಪಕ್ಕದ ಮೇಜಿನವರು ತಮ್ಮ ಆಟ ಬಿಟ್ಟು ಯಾವಾಗಲೋ ಇಲ್ಲಿಗೆ ಬಂದು ನಿಂತಿದ್ದರು.

ಎಲ್ಲ ತಣ್ಣಗಾದ ಮೇಲೆ ಸುಮೈರಾಗೆ ತಡೆಯಲಾಗಲಿಲ್ಲ. "ಅಮ್ಮಾ, ಒಂದ್ ಮಾತು. ನಾನು ಬರೆದಿದ್ದು ನಗು ಅಂತಲ್ಲ. ನಮ್ಮ ಮಾತಲ್ಲಿ ನಕ್ಕೋ ಅಂದ್ರೆ..."

"ಬ್ಯಾಡ ಅಂತ!" ಮುನಿಕೃಷ್ಣಮ್ಮ ಹಣೆ ಚಚ್ಚಿಕೊಂಡರು. "ಅಯ್ಯೋ ನನ್ನ ಮಂಕುಬುದ್ಧಿಗಿಷ್ಟು! ಪಕ್ಕದ ಮನೆ ಬದರುನ್ನೀಸಾ ನಲ್ವತ್ ವರ್ಷದಿಂದ ಕಾಂಪೌಂಡ್ ಮೇಲೆ ನಕ್ಕೋ ನಕ್ಕೋ ಅಂತಾನೇ ಅವ್ಳೆ. ಚಿತ್ರಾನ್ನ ಕೊಟ್ರೂ ನಕ್ಕೋ, ಕಾಪಿ ಕೊಟ್ರೂ ನಕ್ಕೋ, ಆಮೇಲ್ ತಟ್ಟೆ ತೊಳ್ದು ಕೊಡ್ತಾಳೆ. ಕಿವೀಲಿ ಕೇಳಿದ್ದೆ ಕಣಮ್ಮ, ಬರ್ದಿದ್ದು ನೋಡಿರ್ಲಿಲ್ಲ!" ಅವರು ಮತ್ತೆ ನಕ್ಕರು. ಈ ಸಲ ಕಣ್ಣಲ್ಲಿ ನೀರು ಬರುವಷ್ಟು.

ಜೀಷಾನ್ ಪೆನ್ಸಿಲು ಎತ್ತಿಕೊಳ್ಳುತ್ತ, "ಆಪಾ, ಆರು ಅಂಕಿ ಇದ್ದಿದ್ರೆ ಇವತ್ತು ಇದು ಆಗ್ತಿರ್ಲಿಲ್ಲ" ಎಂದ. ಅವನ ಬಾಯಲ್ಲಿ ಅದು ದೊಡ್ಡ ಮಾತು.

ಗಡಿಯಾರ ಐದೂ ಮುಕ್ಕಾಲು ತೋರಿಸುತ್ತಿತ್ತು. ಮೂರರಿಂದ ಒಬ್ಬರೂ ಎದ್ದು ಹೋಗಿರಲಿಲ್ಲ. ನಾಮಕರಣಕ್ಕೆ ಹೊತ್ತಾಯಿತೆಂದು ನರೇಂದ್ರ ತಾಯಿಯನ್ನು ಅವಸರ ಮಾಡಿದ. ಸುಮೈರಾ ಚೀಲ ತೆಗೆದುಕೊಂಡಾಗ ಫೋನು ಕೈಗೆ ಸಿಕ್ಕಿತು. ಅದನ್ನು ನೋಡದೆ ಎರಡೂವರೆ ಗಂಟೆಯ ಮೇಲಾಗಿತ್ತು! ಮಗಳು ಹುಟ್ಟಿದ ಮೇಲೆ ಇಷ್ಟು ಹೊತ್ತು ನೋಡದೆ ಇದ್ದದ್ದು ಇದೇ ಮೊದಲು. ಫೈಜಾನನ ಒಂದೇ ಮೆಸೇಜು: 'ಉಂಡಳು. ಮಲಗಿದಳು. ಬಾಲ್ಕನಿ ಬಾಗಿಲು ಹಾಕಿದೆ. ಮುಂದಿನ ಪ್ರಶ್ನೆ?'

"ಏನಕ್ಕ," ಸಿದ್ದು ಕೇಳಿದ, "ಕೇರಂನವ್ರಿಗೆ ಇಲ್ಲ ಅಂದ್ಬಿಡ್ಲಾ? ಪ್ರತಿ ಭಾನುವಾರ ಬರ್ತೀರಾ?"

ಆದ್ರೆ ಮಗುವಿಗೆ ಜ್ವರ ಬಂದ್ರೆ? ಆದ್ರೆ ಯಾರೂ ಬರದಿದ್ರೆ? ಆದ್ರೆ ಇವತ್ತಿನಂಥದ್ದು ಮತ್ತೆ ಆಗದಿದ್ರೆ? ಒಂದೊಂದೂ ನಾಲಿಗೆಯ ತುದಿಗೆ ಬಂತು. ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು.

"ಉತ್ರ ಏಳಮ್ಮ ಬೇಗ," ಎಂದರು ಮುನಿಕೃಷ್ಣಮ್ಮ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ. "ನಾನಂತೂ ಬತ್ತೀನಿ. ಆ ಅಜ್ಜಿ ಚೀಟಿ ನಂದೇ, ಇನ್ಯಾರ್ಗೂ ಕೊಡಂಗಿಲ್ಲ." ಚೀಟಿ ಆಗಲೇ ಅವರ ಎಲೆಅಡಿಕೆ ಚೀಲದೊಳಗೆ ಹೋಗಿತ್ತು.

ಸಂತೋಷ ಹೆಚ್ಚಾದರೆ ಸುಮೈರಾಳ ಬಾಯಲ್ಲಿ ಮನೆಯ ಮಾತೇ ಬರುವುದು.

"ಹೌ!" ಎಂದಳು.

ಜೀಷಾನ್ ಅರ್ಥ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಸಿದ್ದು ಗೋಡೆಯ ಕರಿಹಲಗೆಯ ಹತ್ತಿರ ಹೋಗಿ, ಭಾನುವಾರದ ಮುಂದೆ ಅವಳ ಹೆಸರು ಬರೆಯುತ್ತಿದ್ದ.